ಲಂಗರು ಹಾಕಿದ ದೋಣಿಗೆ ಎಷ್ಟು ಬ್ಯಾಟರಿ ಬೇಕು?

ಅಮೆರಿಕದ ಸಿಯಾಟಲ್ ಕಡೆಯಿಂದ ಉತ್ತರಕ್ಕೆ ಹೊರಟು, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯ ದ್ವೀಪಗಳ ಮರೆಯಲ್ಲೇ ಸಾಗಿ ಅಲಾಸ್ಕಾ ಮುಟ್ಟುವ ಜಲಮಾರ್ಗಕ್ಕೆ ಇನ್‌ಸೈಡ್ ಪ್ಯಾಸೇಜ್ ಎನ್ನುತ್ತಾರೆ. ತೆರೆದ ಪೆಸಿಫಿಕ್‌ನ ಅಬ್ಬರ ಇಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಬೇಸಿಗೆ ಬಂತೆಂದರೆ ಮೂವತ್ತು ನಲವತ್ತು ಅಡಿ ಉದ್ದದ ಪ್ರವಾಸಿ ಮೋಟಾರು ದೋಣಿಗಳು ಈ ದಾರಿ ಹಿಡಿಯುತ್ತವೆ. ಮಲಗುವ ಕೋಣೆ, ಅಡುಗೆ ಕಟ್ಟೆ, ಫ್ರಿಜ್, ಹೀಟರ್, ಶೌಚಾಲಯ ಎಲ್ಲ ಇರುವ ದೋಣಿಗಳಿವು. ಒಂದೊಂದರಲ್ಲೂ ಒಂದು ಸಂಸಾರ ವಾರಗಟ್ಟಲೆ ಬದುಕುತ್ತದೆ. ಮರೀನಾದಲ್ಲಿ ಕಟ್ಟಿದಾಗ ದಡದ ಕರೆಂಟು ಸಿಗುತ್ತದೆ, ಚಿಂತೆಯಿಲ್ಲ. ಆದರೆ ಈ ದಾರಿಯ ಸೊಗಸೆಲ್ಲ ಇರುವುದು ಕರೆಂಟಿಲ್ಲದ ಕಡೆ. 1792ರಲ್ಲಿ ಜಾರ್ಜ್ ವ್ಯಾಂಕೂವರ್ ಹೆಸರಿಟ್ಟ ಡೆಸೊಲೇಶನ್ ಸೌಂಡ್‌ನ ಕೊಲ್ಲಿಗಳಲ್ಲಿ ಲಂಗರು ಹಾಕಿ ಮೂರು ರಾತ್ರಿ ಇರಬೇಕೆಂದು ಜನ ಬರುತ್ತಾರೆ. ಎರಡನೆಯ ಬೆಳಿಗ್ಗೆಯೇ ಫ್ರಿಜ್ ನಿಂತಿರುತ್ತದೆ, ಇನ್ವರ್ಟರ್ ಕೂಗುತ್ತಿರುತ್ತದೆ.

ಆಗ ಬರುವ ಮೊದಲ ಯೋಚನೆ, ‘ಇನ್ನೆರಡು ಬ್ಯಾಟರಿ ಹಾಕಿಸಿಬಿಡೋಣ’ ಎಂಬುದು. ಅವಸರ ಬೇಡ. ನಲ್ಲಿಯಲ್ಲಿ ಸಣ್ಣಗೆ ನೀರು ಬರುವ ಮನೆಯಲ್ಲಿ ಸಂಪನ್ನು ಎರಡು ಪಟ್ಟು ದೊಡ್ಡದು ಮಾಡಿಸಿದರೆ ನೀರೇನೂ ಹೆಚ್ಚು ಬರುವುದಿಲ್ಲ. ಸಂಪು ತುಂಬಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಅಷ್ಟೆ. ಬ್ಯಾಟರಿಯದೂ ಅದೇ ಲೆಕ್ಕ. ಎಷ್ಟು ಕೂಡಿಡುತ್ತೀರಿ ಎನ್ನುವುದಕ್ಕಿಂತ ಎಷ್ಟು ಬೇಗ ತುಂಬಿಸುತ್ತೀರಿ ಎನ್ನುವುದರ ಮೇಲೆ ಲಂಗರಿನ ದಿನಗಳು ನಿಂತಿವೆ. ಬ್ಯಾಟರಿ ಹೆಚ್ಚಿಸಿ ಚಾರ್ಜಿಂಗ್ ವ್ಯವಸ್ಥೆಯನ್ನು ಹಳೆಯದರಲ್ಲೇ ಬಿಟ್ಟವರ ಹೊಸ ಬ್ಯಾಟರಿಗಳು ಎರಡು ಮೂರು ವರ್ಷದಲ್ಲೇ ಹಾಳಾಗುತ್ತವೆ.

ಕರ್ನಾಟಕದ ಮನೆಗಳಲ್ಲಿ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸ ಇರುವವರಿಗೆ ಈ ವಿಷಯ ಅರ್ಧ ಗೊತ್ತಿದ್ದ ಹಾಗೆಯೇ. ಒಳಗಿರುವ ಸೀಸ, ಆಮ್ಲ, ರಾಸಾಯನಿಕ ಕ್ರಿಯೆ ಎಲ್ಲ ಒಂದೇ. ವ್ಯತ್ಯಾಸ ಇರುವುದು ಚಾರ್ಜಿಂಗ್‌ನಲ್ಲಿ. ಮನೆಯಲ್ಲಿ ಒಂದೆರಡು ಗಂಟೆ ಕರೆಂಟು ಹೋಗುತ್ತದೆ, ಉಳಿದ ಹೊತ್ತೆಲ್ಲ ಬ್ಯಾಟರಿ ತುಂಬುತ್ತಲೇ ಇರುತ್ತದೆ. ಲಂಗರು ಹಾಕಿದ ದೋಣಿಯಲ್ಲಿ ಇಪ್ಪತ್ತೆರಡು ಗಂಟೆ ಖರ್ಚಾಗುತ್ತದೆ, ತುಂಬಿಸಲು ಸಿಗುವುದು ಒಂದೆರಡು ಗಂಟೆ.

ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ದೋಣಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಮನೆಬಳಕೆಯ ಬ್ಯಾಟರಿ ಸಾಲು ಬೇರೆ. ಎರಡನೆಯದನ್ನು ಹೌಸ್ ಬ್ಯಾಂಕ್ ಎನ್ನುತ್ತಾರೆ. ಈ ಲೇಖನ ಅದರ ಬಗ್ಗೆ. ಸ್ಟಾರ್ಟ್ ಬ್ಯಾಟರಿಯನ್ನು ಎಂದೂ ಮನೆಬಳಕೆಗೆ ಸೇರಿಸಿಕೊಳ್ಳಬೇಡಿ. ಫ್ರಿಜ್ ನಿಂತರೆ ಮೀನು ಕೆಡುತ್ತದೆ. ಗಾಳಿ ತಿರುಗಿ ಲಂಗರು ಜಾರುತ್ತಿರುವಾಗ ಎಂಜಿನ್ ಸ್ಟಾರ್ಟ್ ಆಗದಿದ್ದರೆ ದೋಣಿಯೇ ಬಂಡೆಗೆ ಬಡಿಯುತ್ತದೆ.

ಮೊದಲು ದಿನದ ಖರ್ಚು

ಒಂದು ಉದಾಹರಣೆ ಇಟ್ಟುಕೊಳ್ಳೋಣ. 36 ಅಡಿಯ ಹಳೆಯ ಡೀಸೆಲ್ ಟ್ರಾಲರ್. ಗ್ರ್ಯಾಂಡ್ ಬ್ಯಾಂಕ್ಸ್ ಮಾದರಿಯದು, ಒಳಗೆ 120 ಕುದುರೆಶಕ್ತಿಯ ಫೋರ್ಡ್ ಲೆಹ್ಮನ್ ಎಂಜಿನ್. ಆ ಕರಾವಳಿಯಲ್ಲಿ ಇಂಥ ದೋಣಿ ಇಂದಿಗೂ ಮಾಮೂಲು. ಒಳಗೆ ಗಂಡ ಹೆಂಡತಿ ಇಬ್ಬರು, ವಿದ್ಯುತ್ ವ್ಯವಸ್ಥೆ 12 ವೋಲ್ಟ್‌ನದು.

ಫ್ರಿಜ್ ಓಡುವಾಗ 5 ಆಂಪಿಯರ್ ಎಳೆಯುತ್ತದೆ, ದಿನದಲ್ಲಿ ಅರ್ಧ ಹೊತ್ತು ಓಡುತ್ತದೆ. ಅಲ್ಲಿಗೆ 60 ಆಂಪಿಯರ್-ಗಂಟೆ, ಚುಟುಕಾಗಿ 60 ಎಎಚ್ ಆಯಿತು. ಡೀಸೆಲ್ ಹೀಟರಿನ ಪಂಪು, ಫ್ಯಾನು ಸೇರಿ 4 ಆಂಪಿಯರಿನಂತೆ ಐದು ಗಂಟೆಗೆ 20. ಉಪಗ್ರಹ ಇಂಟರ್ನೆಟ್ಟಿನ ಡಿಶ್ 5 ಆಂಪಿಯರಿನಂತೆ ಆರು ಗಂಟೆಗೆ 30. ಕಾಫಿ ಮೇಕರ್, ಮೈಕ್ರೋವೇವ್ ಇನ್ವರ್ಟರ್ ಮೂಲಕ 20. ಆ ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದಕ್ಕೇ ಎಂಟು ಗಂಟೆಗೆ ಇನ್ನೊಂದು 12. ಫೋನು, ಲ್ಯಾಪ್‌ಟಾಪು 15. ಎಲ್‌ಇಡಿ ದೀಪ, ಲಂಗರು ದೀಪ, ನೀರಿನ ಪಂಪು ಎಲ್ಲ ಸೇರಿ 12. ಇಂಗಾಲದ ಮಾನಾಕ್ಸೈಡ್ ಅಲಾರಂ, ಮೀಟರುಗಳು, ರೇಡಿಯೊ ಹೀಗೆ ಎಂದೂ ಆಫ್ ಆಗದ ಸಣ್ಣಪುಟ್ಟವು ಅರ್ಧ ಆಂಪಿಯರ್ ಎಳೆದರೂ 24 ಗಂಟೆಗೆ 12. ಕೂಡಿದರೆ ದಿನಕ್ಕೆ ಸುಮಾರು 180 ಎಎಚ್.

ಈ ಪಟ್ಟಿಯನ್ನು ಕಾಗದದ ಮೇಲೆ ಮಾಡುವುದು ಆರಂಭಕ್ಕೆ ಸಾಕು, ಖರೀದಿಗೆ ಸಾಲದು. ಬ್ಯಾಟರಿ ಮಾನಿಟರ್ ಒಂದನ್ನು ಮೊದಲೇ ಹಾಕಿಸಿ. ಬ್ಯಾಟರಿಯ ನೆಗೆಟಿವ್ ತಂತಿಯಲ್ಲಿ ಶಂಟ್ ಎಂಬ ತುಂಡನ್ನು ಕೂರಿಸಿ, ಒಳಹೋದ ಹೊರಬಂದ ಪ್ರತಿ ಆಂಪಿಯರನ್ನೂ ಎಣಿಸುವ ಸಾಧನ ಅದು. ವಿಕ್ಟ್ರಾನ್ ಕಂಪನಿಯ ಸ್ಮಾರ್ಟ್‌ಶಂಟ್‌ನಂಥವು ಫೋನಿನಲ್ಲೇ ಲೆಕ್ಕ ತೋರಿಸುತ್ತವೆ. ಅದನ್ನು ಹಾಕಿಕೊಂಡು ಒಂದು ವಾರಾಂತ್ಯ ಲಂಗರು ಹಾಕಿ ಬದುಕಿದರೆ ನಿಮ್ಮ ನಿಜವಾದ ಖರ್ಚು ತಿಳಿಯುತ್ತದೆ. ಹಳೆಯ ಮಾದರಿಯ ಲಂಗರು ದೀಪವೊಂದೇ ರಾತ್ರಿಗೆ 10 ಎಎಚ್ ಮೀರಿ ತಿನ್ನುವುದುಂಟು. ಎಲ್‌ಇಡಿ ಬಲ್ಬು ಹಾಕಿದರೆ ಅದು 2ಕ್ಕೆ ಇಳಿಯುತ್ತದೆ. ಉಳಿಸಿದ ಆಂಪಿಯರಿಗೆ ಬ್ಯಾಟರಿಯೂ ಬೇಡ, ಚಾರ್ಜರೂ ಬೇಡ. ಫ್ರಿಜ್ಜಿನ ಬಾಗಿಲಿನ ರಬ್ಬರ್ ಬದಲಿಸುವುದು, ಬೇಡದಾಗ ಇನ್ವರ್ಟರ್ ಆಫ್ ಮಾಡುವುದು, ಡಿಶ್ಶಿಗೆ ರಾತ್ರಿ ಬಿಡುವು ಕೊಡುವುದು, ಇವನ್ನು ಮಾಡಿ ಮುಗಿಸಿದ ಮೇಲೆ ಉಳಿದ ಖರ್ಚಿಗಷ್ಟೇ ಬ್ಯಾಟರಿ ಕೊಳ್ಳಿ.

ಹೆಸರಿಗೆ 450, ಕೈಗೆ ಸಿಗುವುದು 150

ನಮ್ಮ ಉದಾಹರಣೆಯ ದೋಣಿಯಲ್ಲಿ ಈಗ ನಾಲ್ಕು ಗಾಲ್ಫ್ ಕಾರ್ಟ್ ಬ್ಯಾಟರಿಗಳಿವೆ ಎನ್ನಿ. ಒಂದೊಂದೂ 6 ವೋಲ್ಟ್, 225 ಎಎಚ್. ಟ್ರೋಜನ್ ಟಿ-105 ಈ ಜಾತಿಯ ಹೆಸರುವಾಸಿ ಬ್ಯಾಟರಿ. ಎರಡೆರಡನ್ನು ಸರಣಿಯಲ್ಲಿ ಜೋಡಿಸಿ ಆ ಜೋಡಿಗಳನ್ನು ಸಮಾಂತರದಲ್ಲಿ ಕಟ್ಟಿದರೆ 12 ವೋಲ್ಟಿನ 450 ಎಎಚ್ ಆಗುತ್ತದೆ. ದಿನದ ಖರ್ಚು 180. ಎರಡೂವರೆ ದಿನ ಬರಬೇಕಲ್ಲ?

ಬರುವುದಿಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೆಳಗಿನ ಅರ್ಧವನ್ನು ಮುಟ್ಟುವ ಹಾಗಿಲ್ಲ. ಮೇಲಿನ ಭಾಗದ ಕಥೆ ಇನ್ನೊಂದು. ಸುಮಾರು 80ರಿಂದ 85 ಶೇಕಡಾವರೆಗೆ ಸೀಸದ ಬ್ಯಾಟರಿ ಚೆನ್ನಾಗಿ ಕರೆಂಟು ಹೀರುತ್ತದೆ. ಆಮೇಲೆ ಹೀರುವುದನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಕೊನೆಯ 15 ಶೇಕಡಾ ತುಂಬಲು ನಾಲ್ಕಾರು ಗಂಟೆ ಬೇಕು. ಲಂಗರಿನಲ್ಲಿ ಅಷ್ಟು ಹೊತ್ತು ಜನರೇಟರ್ ಓಡಿಸಿ ಅಕ್ಕಪಕ್ಕದ ದೋಣಿಯವರ ನೆಮ್ಮದಿ ಕೆಡಿಸುವುದನ್ನು ಯಾರೂ ಬಯಸುವುದಿಲ್ಲ. ಹೀಗೆ ಮೇಲೂ ಕೆಳಗೂ ಕತ್ತರಿಸಿದ ಮೇಲೆ ದಿನಬಳಕೆಗೆ ಉಳಿಯುವುದು ಶೇಕಡಾ 35. 450ರಲ್ಲಿ 35 ಶೇಕಡಾ ಎಂದರೆ 157 ಎಎಚ್. ಒಂದು ದಿನಕ್ಕೂ ಸಾಲದು. ಎರಡನೆಯ ಬೆಳಿಗ್ಗೆ ಫ್ರಿಜ್ ನಿಲ್ಲುವುದು ಇದೇ ಕಾರಣಕ್ಕೆ.

ಬ್ಯಾಟರಿ ಮೇಲೆ ಬರೆದ ಎಎಚ್ ಅಂಕಿಗೂ ಒಂದು ಷರತ್ತಿದೆ. ಅದನ್ನು ಸಾಮಾನ್ಯವಾಗಿ 20 ಗಂಟೆಯ ದರದಲ್ಲಿ ಅಳೆದಿರುತ್ತಾರೆ. 450 ಎಎಚ್ ಸಾಲಿನಿಂದ 22.5 ಆಂಪಿಯರಿನಂತೆ ನಿಧಾನಕ್ಕೆ ತೆಗೆದರೆ ಮಾತ್ರ ಅಷ್ಟು ಸಿಗುತ್ತದೆ. ಇನ್ವರ್ಟರಿನಲ್ಲಿ ಎರಡು ಕಿಲೋವ್ಯಾಟ್ ಒಲೆ ಹಚ್ಚಿದರೆ 12 ವೋಲ್ಟ್ ಕಡೆಯಿಂದ ಹತ್ತಿರ ಹತ್ತಿರ 200 ಆಂಪಿಯರ್ ಎಳೆಯುತ್ತದೆ, ಆಗ ಸಿಗುವ ಒಟ್ಟು ಮೊತ್ತ ಕುಗ್ಗುತ್ತದೆ. ಜರ್ಮನಿಯ ಪ್ಯೂಕರ್ಟ್ ಎಂಬ ವಿಜ್ಞಾನಿ 1897ರಲ್ಲೇ ಈ ನಿಯಮವನ್ನು ಸೂತ್ರಕ್ಕಿಳಿಸಿದ. ಬ್ಯಾಟರಿ ಮಾನಿಟರ್ ಸೆಟ್ ಮಾಡುವಾಗ ಕೇಳುವ ಪ್ಯೂಕರ್ಟ್ ಸಂಖ್ಯೆ ಇದೇ: ಸೀಸಕ್ಕೆ 1.25ರ ಆಸುಪಾಸು, ಲಿಥಿಯಂಗೆ 1.05. ತಪ್ಪು ಸಂಖ್ಯೆ ಕೊಟ್ಟರೆ ಮೀಟರ್ ಸುಳ್ಳು ಹೇಳುತ್ತದೆ.

ಸೀಸದಲ್ಲೇ ಮುಂದುವರಿಯುವವರು ಹಳೆಯ ನಾಲ್ಕರ ಜೊತೆಗೆ ಹೊಸ ನಾಲ್ಕನ್ನು ಸೇರಿಸಬಾರದು. ಹಳೆಯವು ಒಳಗೊಳಗೇ ಸೋರುತ್ತಾ ಹೊಸದನ್ನೂ ಕೆಳಗೆಳೆಯುತ್ತವೆ. ಚಾರ್ಜರಿಗೂ ಯಾರನ್ನು ನೋಡಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಕೊಂಡು ಆರು ತಿಂಗಳೊಳಗಿನವಾದರೆ ಸೇರಿಸಬಹುದು, ಅದಕ್ಕಿಂತ ಹಳತಾದರೆ ಇಡೀ ಸಾಲನ್ನು ಬದಲಿಸುವುದೇ ಸರಿ ಎಂಬುದು ನನ್ನ ನಿಲುವು. ಕಂಪನಿ, ಮಾದರಿ, ಸಾಮರ್ಥ್ಯ, ತಯಾರಾದ ತಿಂಗಳು ಎಲ್ಲವೂ ಒಂದೇ ಇರಲಿ. ಎಂಟು ಗಾಲ್ಫ್ ಕಾರ್ಟ್ ಬ್ಯಾಟರಿಗಳ 900 ಎಎಚ್ ಸಾಲಿನಲ್ಲಿ ಬಳಕೆಗೆ 315 ಎಎಚ್ ಸಿಗುತ್ತದೆ, ಎರಡು ದಿನದ ಖರ್ಚಿಗೆ ಸ್ವಲ್ಪ ಕಡಿಮೆ. ತೂಕ ಮಾತ್ರ ಒಂದೊಂದಕ್ಕೆ 28 ಕಿಲೋ, ಒಟ್ಟು 224. ಅದನ್ನು ಒಂದೇ ಮಗ್ಗುಲಲ್ಲಿ ಇಟ್ಟರೆ ದೋಣಿ ವಾಲುತ್ತದೆ. ತಳದಲ್ಲಿ, ನಡುಗೆರೆಯ ಹತ್ತಿರ ಜಾಗ ಹುಡುಕಬೇಕು. ಎಂಜಿನ್ ಕೋಣೆಯ ಬಿಸಿಯಿಂದ ದೂರ ಇಡಲು ಆದರೆ ಇನ್ನೂ ಒಳ್ಳೆಯದು, ಏಕೆಂದರೆ ಉಷ್ಣತೆ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಲಿಥಿಯಂ: ಲಾಭ ಮತ್ತು ಷರತ್ತು

1997ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಒಂದು ಸಂಶೋಧನಾ ಪ್ರಬಂಧ ಬಂತು. ಬರೆದವರು ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಅಗ್ಗದ, ವಿಷವಿಲ್ಲದ ವಸ್ತುವನ್ನು ಬ್ಯಾಟರಿಯ ಧನಧ್ರುವವಾಗಿ ಬಳಸಬಹುದೆಂದು ಅದು ತೋರಿಸಿತು. ಗುಡ್‌ಇನಫ್‌ಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಲಿಥಿಯಂ ಅಯಾನ್ ಬ್ಯಾಟರಿಗಳ ಒಟ್ಟು ಕೆಲಸಕ್ಕೆ. ಇಂದು ದೋಣಿಗಳಿಗೆ ಲಿಥಿಯಂ ಹಾಕಿಸುತ್ತೇವೆ ಎನ್ನುವವರು ಹಾಕಿಸುವುದು ಹೆಚ್ಚಾಗಿ ಈ ಫಾಸ್ಫೇಟ್ ಜಾತಿಯನ್ನೇ. ಫೋನು, ಲ್ಯಾಪ್‌ಟಾಪುಗಳ ಲಿಥಿಯಂಗಿಂತ ಇದು ಬಿಸಿಗೆ ಹೆಚ್ಚು ತಾಳುತ್ತದೆ, ಸುಲಭಕ್ಕೆ ಉರಿದೇಳುವುದಿಲ್ಲ.

ಇದರಲ್ಲಿ 80 ಶೇಕಡಾವನ್ನು ನಿಶ್ಚಿಂತೆಯಿಂದ ಬಳಸಬಹುದು. 400 ಎಎಚ್ ಸಾಲಿನಿಂದ 320 ಎಎಚ್ ಸಿಗುತ್ತದೆ. 900 ಎಎಚ್ ಸೀಸ ಮಾಡುವ ಕೆಲಸವನ್ನು ಇದು ಸುಮಾರು 50 ಕಿಲೋ ತೂಕದಲ್ಲಿ ಮಾಡುತ್ತದೆ. ಪ್ರತಿದಿನ ಪೂರ್ತಿ ತುಂಬಿಸಬೇಕೆಂಬ ಒತ್ತಡವೂ ಇಲ್ಲ. ಅರೆತುಂಬಿದ ಸ್ಥಿತಿ ಇದಕ್ಕೆ ಹಿತವೇ. ಸೀಸವನ್ನು ಹಾಗೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ. ಲಂಗರಿನಲ್ಲಿ ದಿನ ಕಳೆಯುವವರಿಗೆ ಲಿಥಿಯಂ ಕೊಡುವ ದೊಡ್ಡ ಅನುಕೂಲ ಇದೇ ಎಂದು ನನಗನ್ನಿಸುತ್ತದೆ. ತೂಕ, ಆಯುಸ್ಸು ಎಲ್ಲ ಆಮೇಲಿನ ಮಾತು.

ಷರತ್ತುಗಳೂ ಅಷ್ಟೇ ಗಂಭೀರ. ಪ್ರತಿ ಲಿಥಿಯಂ ಬ್ಯಾಟರಿಯನ್ನು ಬಿಎಂಎಸ್ ಎಂಬ ಕಾವಲು ವ್ಯವಸ್ಥೆ ಕಾಯುತ್ತದೆ. ವೋಲ್ಟೇಜ್ ಮಿತಿ ಮೀರಿದರೆ, ತೀರಾ ಇಳಿದರೆ, ಬಿಸಿಯಾದರೆ ಅದು ಬ್ಯಾಟರಿಯನ್ನು ಕತ್ತರಿಸಿಬಿಡುತ್ತದೆ. ಸೀಸದ ಬ್ಯಾಟರಿ ಸಾಯುವಾಗ ದೀಪ ಮಂಕಾಗುತ್ತಾ ಸೂಚನೆ ಕೊಡುತ್ತದೆ. ಇಲ್ಲಿ ಒಂದೇ ಕ್ಷಣಕ್ಕೆ ಎಲ್ಲ ಕತ್ತಲು. ಇದೇ ಕರಾವಳಿಯ ಸೀಮೋರ್ ನ್ಯಾರೋಸ್‌ನಲ್ಲಿ ಉಬ್ಬರವಿಳಿತದ ಸೆಳೆತ 15 ನಾಟ್‌ವರೆಗೆ ಹೋಗುತ್ತದೆ. ಅಂಥ ಕಡೆ ಚಾರ್ಟ್ ಪ್ಲಾಟರ್, ರೇಡಿಯೊ ಒಟ್ಟಿಗೆ ಆರಿಹೋದರೆ ಏನಾದೀತು ಊಹಿಸಿ. ಆದ್ದರಿಂದ ಚುಕ್ಕಾಣಿಯ ಉಪಕರಣಗಳಿಗೆ ಸೀಸದ ಬ್ಯಾಟರಿಯಿಂದ ಬದಲಿ ದಾರಿ ಇರಲೇಬೇಕು. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಎರಡಿದ್ದರೆ ಒಂದನ್ನು ಹೌಸ್ ಬ್ಯಾಂಕಿಗೆ, ಇನ್ನೊಂದನ್ನು ಸ್ಟಾರ್ಟ್ ಬ್ಯಾಟರಿಗೆ ಕೊಡಿ. ಬಿಎಂಎಸ್ ಕತ್ತರಿಸುವ ಮುಂಚೆ ಎಚ್ಚರಿಕೆಯ ಸದ್ದು ಬರುವಂತಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು, ಒಳಗೆ ಲೋಹದ ಲಿಥಿಯಂ ಲೇಪಗೊಂಡು ಕೋಶ ಹಾಳಾಗುತ್ತದೆ. ಕೊಳ್ಳುವಾಗ ಈ ಚಳಿಯ ಕಟ್‌ಆಫ್ ಇದೆಯೇ ಎಂದು ಕೇಳಿ. ಅಗ್ಗದ ಕೆಲವು ಮಾದರಿಗಳಲ್ಲಿ ಇರುವುದಿಲ್ಲ.

ತುಂಬಿಸುವವರು ಯಾರು?

ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಹಳೆಯ ಟ್ರಾಲರುಗಳಲ್ಲಿ ಸಾಮಾನ್ಯವಾಗಿ 50-60 ಆಂಪಿಯರಿನದು. ಬಿಸಿಯಾದ ಮೇಲೆ ಅದು ಹೆಸರಿಗಿಂತ ಬಹಳ ಕಡಿಮೆ ಕೊಡುತ್ತದೆ. 900 ಎಎಚ್ ಸೀಸದ ಸಾಲಿಗೆ ಅದು ಏನೇನೂ ಸಾಲದು. ದ್ರವ ಆಮ್ಲದ ಬ್ಯಾಟರಿಗೆ ಒಟ್ಟು ಸಾಮರ್ಥ್ಯದ ಐದನೇ ಒಂದು ಭಾಗದಷ್ಟು ಚಾರ್ಜಿಂಗ್ ಕರೆಂಟು ಇದ್ದರೆ ಒಳ್ಳೆಯದು, 900ಕ್ಕೆ 180 ಆಂಪಿಯರ್. ಹತ್ತನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಆ ಸಾಲನ್ನು ದೊಡ್ಡದು ಮಾಡಿದ್ದಕ್ಕೆ ಅರ್ಥವಿಲ್ಲ.

ದೊಡ್ಡ ಆಲ್ಟರ್ನೇಟರ್ ಹಾಕಿಸಬಹುದು. ಆದರೆ ಅರ್ಧ ಇಂಚಿನ ಒಂಟಿ ವಿ-ಬೆಲ್ಟು 100 ಆಂಪಿಯರ್ ಆಚೆಗೆ ತಡೆಯುವುದಿಲ್ಲ; ಜಾರಲು ತೊಡಗಿ ಎಂಜಿನ್ನಿನ ಮುಂದೆಲ್ಲ ಕಪ್ಪು ಪುಡಿ ಉದುರಿಸುತ್ತದೆ. ಅದರಾಚೆಗೆ ಹೋಗಬೇಕಾದರೆ ಪುಲ್ಲಿಗಳ ಸಮೇತ ಅಗಲದ ಸರ್ಪೆಂಟೈನ್ ಬೆಲ್ಟು ಬೇಕು. 150 ಆಂಪಿಯರ್ ಉತ್ಪಾದಿಸಲು ಎಂಜಿನ್ನಿನಿಂದ ಸುಮಾರು ಐದು ಕುದುರೆಶಕ್ತಿ ಹೋಗುತ್ತದೆ, 120ರ ಎಂಜಿನ್ನಿಗೆ ಅದು ಹೊರೆಯಲ್ಲ.

ಲಿಥಿಯಂ ಹಾಕಿದವರು ಆಲ್ಟರ್ನೇಟರಿನ ಬಗ್ಗೆ ಇನ್ನೂ ಎರಡು ಪಟ್ಟು ಎಚ್ಚರ ವಹಿಸಬೇಕು. ಸೀಸ ತುಂಬುತ್ತಾ ಬಂದಂತೆ ತಾನಾಗಿಯೇ ಕರೆಂಟು ಕಡಿಮೆ ಎಳೆಯುತ್ತದೆ. ಲಿಥಿಯಂ ಹಾಗಲ್ಲ, ಕೊನೆಯವರೆಗೂ ಕೊಟ್ಟಷ್ಟೂ ಎಳೆಯುತ್ತದೆ. ಎಂಜಿನ್ ನಿಧಾನಗತಿಯಲ್ಲಿದ್ದಾಗ ಆಲ್ಟರ್ನೇಟರಿನ ಫ್ಯಾನೂ ನಿಧಾನ. ಪೂರ್ತಿ ಕರೆಂಟು ಕೊಡುತ್ತಾ ಸುರುಳಿಗಳು ಸುಟ್ಟೇ ಹೋಗುತ್ತವೆ. ಇನ್ನು ಚಾರ್ಜ್ ಆಗುತ್ತಿರುವಾಗಲೇ ಬಿಎಂಎಸ್ ಬ್ಯಾಟರಿಯನ್ನು ಕತ್ತರಿಸಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡುಗಳನ್ನೂ, ಕೆಲವೊಮ್ಮೆ ಚುಕ್ಕಾಣಿ ಬಳಿಯ ಉಪಕರಣಗಳನ್ನೂ ಸುಡುತ್ತದೆ. ಇದಕ್ಕೆ ಎರಡು ದಾರಿ. ಉಷ್ಣತೆ ಅಳೆಯುವ ಸೆನ್ಸರ್ ಇರುವ ಹೊರಗಿನ ರೆಗ್ಯುಲೇಟರ್ ಹಾಕಿ ಆಲ್ಟರ್ನೇಟರನ್ನು ಹಿಡಿತದಲ್ಲಿಡುವುದು ಒಂದು. ಬಾಲ್ಮಾರ್, ವೇಕ್‌ಸ್ಪೀಡ್ ಕಂಪನಿಗಳ ರೆಗ್ಯುಲೇಟರುಗಳು ಹೆಚ್ಚು ಬಳಕೆಯಲ್ಲಿವೆ. ಆಲ್ಟರ್ನೇಟರನ್ನು ಸೀಸದ ಸ್ಟಾರ್ಟ್ ಬ್ಯಾಟರಿಗೆ ಮಾತ್ರ ಕೊಟ್ಟು, ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಹರಿಸುವುದು ಇನ್ನೊಂದು. ಸಾಮಾನ್ಯ ದೋಣಿಮಾಲೀಕರಿಗೆ ನಾನು ಹೇಳುವುದು ಎರಡನೆಯದನ್ನೇ. ಲಿಥಿಯಂ ಕತ್ತರಿಸಿಕೊಂಡರೂ ಆಲ್ಟರ್ನೇಟರಿಗೆ ಸೀಸದ ಆಸರೆ ಇದ್ದೇ ಇರುತ್ತದೆ. 110 ಆಂಪಿಯರಿನ ಆಲ್ಟರ್ನೇಟರ್, 30 ಆಂಪಿಯರಿನ ಎರಡು ಡಿಸಿ-ಡಿಸಿ ಚಾರ್ಜರ್ ಇದ್ದರೆ ಮೂರು ಗಂಟೆಯ ಪ್ರಯಾಣದಲ್ಲಿ 180 ಎಎಚ್, ನಮ್ಮ ಉದಾಹರಣೆಯ ಒಂದು ದಿನದ ಖರ್ಚು, ಪೂರ್ತಿ ವಾಪಸು ಬರುತ್ತದೆ. ಹಳೆಯ 55 ಆಂಪಿಯರಿನದನ್ನೇ ಉಳಿಸಿಕೊಳ್ಳುವುದಾದರೆ ಒಂದೇ ಚಾರ್ಜರ್ ಸಾಕು.

ಜನರೇಟರ್ ಇರುವ ದೋಣಿಯಲ್ಲಿ ಚಾರ್ಜರನ್ನು ದೊಡ್ಡದು ಮಾಡಿ. 40 ಆಂಪಿಯರಿನ ಹಳೆಯ ಚಾರ್ಜರಿಗಾಗಿ ಜನರೇಟರ್ ಓಡಿಸಿದರೆ ಡೀಸೆಲ್ ಸುಮ್ಮನೆ ಉರಿಯುತ್ತದೆ, ಕಡಿಮೆ ಹೊರೆಯಲ್ಲಿ ಓಡುತ್ತಾ ಜನರೇಟರೂ ಮಸಿ ಹಿಡಿಯುತ್ತದೆ. 120 ಆಂಪಿಯರಿನದಾದರೆ ಲಿಥಿಯಂಗೆ ಒಂದೂವರೆ ಗಂಟೆಯಲ್ಲಿ ದಿನದ ಖರ್ಚು ತುಂಬುತ್ತದೆ. ಸೋಲಾರ್ ಹಾಕುವುದು ಒಳ್ಳೆಯದೇ. ಆದರೆ ಆ ಅಕ್ಷಾಂಶದಲ್ಲಿ, ಕಡಿದಾದ ಬೆಟ್ಟಗಳ ನೆರಳಲ್ಲಿ ಬೆಂಗಳೂರಿನ ಮಾಳಿಗೆಯ ಲೆಕ್ಕ ಹಿಡಿಯಬೇಡಿ. 400 ವ್ಯಾಟಿನ ಫಲಕ ಜುಲೈನ ಒಳ್ಳೆಯ ದಿನ 100 ಎಎಚ್ ಆಸುಪಾಸು ಕೊಟ್ಟೀತು, ಮೋಡ ಮುಚ್ಚಿದರೆ ಅದರ ಕಾಲು ಭಾಗ. ಸೀಸದವರಿಗೆ ಸೋಲಾರಿನ ದೊಡ್ಡ ಪ್ರಯೋಜನ ಬೇರೆ: ಆ ಕೊನೆಯ 15 ಶೇಕಡಾವನ್ನು ಸದ್ದಿಲ್ಲದೆ ತುಂಬಿಸಿಕೊಡುತ್ತದೆ.

ಎಲ್ಲ ಚಾರ್ಜರುಗಳ ವೋಲ್ಟೇಜನ್ನು ಬ್ಯಾಟರಿ ಕಂಪನಿಯ ಕೈಪಿಡಿ ನೋಡಿಯೇ ಕೂರಿಸಿ. ದ್ರವ ಆಮ್ಲದ ಬ್ಯಾಟರಿಗೆ 14.4ರಿಂದ 14.8, ಜೆಲ್ ಜಾತಿಗೆ 14.1ರ ಆಸುಪಾಸು, ಲಿಥಿಯಂ ಫಾಸ್ಫೇಟಿಗೆ 14.2ರಿಂದ 14.4 ಎಂಬುದು ಸಾಮಾನ್ಯ ವ್ಯಾಪ್ತಿ. ಹೆಚ್ಚು ವೋಲ್ಟೇಜ್ ಕೊಟ್ಟು ಕೋಶಗಳನ್ನು ಸಮ ಮಾಡಲು ಸೀಸಕ್ಕೆಂದು ಇರುವ ಈಕ್ವಲೈಸೇಶನ್ ಹಂತವನ್ನು ಲಿಥಿಯಂಗೆ ಆಫ್ ಮಾಡುವುದು ಕಡ್ಡಾಯ.

ಬೆಂಕಿ ಹತ್ತುವುದು ಜೋಡಣೆಯಲ್ಲಿ

ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಎಂಬ ಸಂಸ್ಥೆ ದೋಣಿಗಳಿಗೆ ಮಾನದಂಡ ರೂಪಿಸುತ್ತದೆ. ವಿದ್ಯುತ್ತಿಗೆ ಇ-11, ಲಿಥಿಯಂಗೆ ಇ-13. ಇವು ಕಾನೂನಲ್ಲ. ಆದರೆ ಸರ್ವೇಯರ್‌ಗಳೂ ವಿಮೆಯವರೂ ನೋಡುವುದು ಇವನ್ನೇ. ಬ್ಯಾಟರಿಯಿಂದ ಹೊರಟ ಪಾಸಿಟಿವ್ ಕೇಬಲ್ಲಿಗೆ 7 ಇಂಚಿನೊಳಗೆ ಫ್ಯೂಸ್ ಇರಬೇಕು ಎನ್ನುತ್ತದೆ ಇ-11. ಬ್ಯಾಟರಿಯಿಂದ ನೇರ ಬಂದ ಕೇಬಲ್ ಪೈಪಿನಂಥ ಹೊದಿಕೆಯೊಳಗಿದ್ದರೆ ಈ ದೂರ 72 ಇಂಚಿನವರೆಗೆ ಹೋಗಬಹುದು. ಎಂಜಿನ್ ಸ್ಟಾರ್ಟರಿನ ಕೇಬಲ್ಲಿಗೆ ವಿನಾಯಿತಿ ಇದೆ. ಲಿಥಿಯಂ ಸಾಲು ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. ಮಾಮೂಲಿ ಫ್ಯೂಸಿನ ತಂತಿ ಕರಗಿದ ಮೇಲೂ ನಡುವೆ ಕಿಡಿ ನಿಂತು ಕರೆಂಟು ಹರಿಯುತ್ತಲೇ ಇರಬಹುದು. ಹಾಗಾಗಿ 20,000 ಆಂಪಿಯರ್‌ವರೆಗೆ ಕತ್ತರಿಸಬಲ್ಲ ಕ್ಲಾಸ್ ಟಿ ಫ್ಯೂಸನ್ನೇ ಹಾಕಿಸಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಬ್ಯಾಟರಿಗಳನ್ನು ಸಮಾಂತರದಲ್ಲಿ ಕಟ್ಟುವಾಗ ಬಹಳ ಮಂದಿ ಪಾಸಿಟಿವ್, ನೆಗೆಟಿವ್ ಎರಡನ್ನೂ ಸಾಲಿನ ಒಂದೇ ತುದಿಯಿಂದ ತೆಗೆಯುತ್ತಾರೆ. ಆಗ ಹತ್ತಿರದ ಬ್ಯಾಟರಿ ದೂರದ್ದಕ್ಕಿಂತ ಹೆಚ್ಚು ದುಡಿದು ಮೊದಲು ಸಾಯುತ್ತದೆ. ಪಾಸಿಟಿವ್ ಒಂದು ತುದಿಯಿಂದ, ನೆಗೆಟಿವ್ ಇನ್ನೊಂದು ತುದಿಯಿಂದ ತೆಗೆಯಿರಿ. ಮೂರಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದರಿಂದಲೂ ಒಂದೇ ಉದ್ದದ ಕೇಬಲ್ ಎಳೆದು ಬಸ್‌ಬಾರಿಗೆ ಕೊಡಿ. ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆಯನ್ನು ಲಗ್ ಎನ್ನುತ್ತಾರೆ; ಒಂದು ಬೋಲ್ಟಿನ ಮೇಲೆ ನಾಲ್ಕಕ್ಕಿಂತ ಹೆಚ್ಚು ಲಗ್ ಪೇರಿಸಬಾರದು. ಎರಡು ಕಿಲೋವ್ಯಾಟಿನ ಇನ್ವರ್ಟರಿಗೆ 70 ಚದರ ಮಿಲಿಮೀಟರಿನ ತವರ ಲೇಪಿತ ತಾಮ್ರದ ಕೇಬಲ್ ಬೇಕು. ಮೂರು ಕಿಲೋವ್ಯಾಟಿಗೆ 120ರದು.

ಲಗ್ಗಿನ ಬಗ್ಗೆ ತುಸು ನಿಂತು ಹೇಳಬೇಕು. ಸಡಿಲವಾದ ಒಂದು ಜೋಡಣೆಯಲ್ಲಿ ಒಂದೇ ಒಂದು ಮಿಲಿಓಮ್ ತಡೆ ಇದೆ ಎನ್ನಿ. 200 ಆಂಪಿಯರ್ ಹರಿದಾಗ ಅಲ್ಲಿ 40 ವ್ಯಾಟ್ ಬಿಸಿ ಹುಟ್ಟುತ್ತದೆ. ಬೆರಳಗಲದ ಲೋಹದ ತುಂಡಿನ ಮೇಲೆ ಬೆಸುಗೆ ಕಡ್ಡಿಯಷ್ಟು ಬಿಸಿ. ಕೇಬಲ್ಲಿನ ಹೊದಿಕೆ ಮೊದಲು ಕಂದುತ್ತದೆ, ಆಮೇಲೆ ಕರಗುತ್ತದೆ. ಇದನ್ನು ಹುಡುಕುವ ಕ್ರಮ ಸುಲಭ. ಇನ್ವರ್ಟರಿನಲ್ಲಿ ನೀರು ಕಾಯಿಸುವ ಕೆಟಲ್ ಹಾಕಿ ಹೊರೆ ಕೊಡಿ. ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ, ಇನ್ನೊಂದನ್ನು ಅದರ ಮೇಲೆ ಕೂತ ಲಗ್ಗಿಗೆ ಒತ್ತಿ. ಒಳ್ಳೆಯ ಜೋಡಣೆಯಲ್ಲಿ ಕೆಲವೇ ಮಿಲಿವೋಲ್ಟ್ ಕಾಣುತ್ತದೆ. ನೂರು ದಾಟಿದರೆ ಹೊರೆ ತಕ್ಷಣ ನಿಲ್ಲಿಸಿ, ಬಿಚ್ಚಿ, ಉಜ್ಜಿ, ಹೊಸ ಲಗ್ ಒತ್ತಿಸಿ. ಹಾಗೆಯೇ ಪ್ರತಿ ಬ್ಯಾಟರಿಯ ಕೇಬಲ್ಲಿಗೂ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ. ಕರೆಂಟು ಎಲ್ಲದರಿಂದಲೂ ಹೆಚ್ಚುಕಡಿಮೆ ಸಮನಾಗಿ ಬರಬೇಕು.

ಬ್ಯಾಟರಿಗಳನ್ನು ಆಮ್ಲ ತಡೆಯುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. 90 ಪೌಂಡ್, ಅಂದರೆ 40 ಕಿಲೋ ಬಲದಿಂದ ಎಳೆದರೂ ಒಂದು ಇಂಚಿಗಿಂತ ಹೆಚ್ಚು ಅಲುಗಬಾರದು. ಸೀಸದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೆ ಒಂದು ಕಿಡಿ ಸಾಕು. ಪೆಟ್ಟಿಗೆಯ ಮೇಲ್ಭಾಗದಲ್ಲಿ ಅದು ಹೊರಹೋಗುವ ದಾರಿ ಬಿಡಿ.

ಕೆಲಸಕ್ಕೆ ಇಳಿಯುವ ಮುಂಚೆ ಉಂಗುರ, ಗಡಿಯಾರ, ಕೈಬಳೆ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪು ಸುತ್ತಿ. ದಡದ ಕರೆಂಟು ತೆಗೆದು, ಸೋಲಾರ್ ಫಲಕವನ್ನು ಕಂಟ್ರೋಲರಿನಿಂದ ಬಿಡಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಬಿಚ್ಚುವ ಮುನ್ನ ಪ್ರತಿ ತಂತಿಗೂ ಚೀಟಿ ಕಟ್ಟಿ ಫೋಟೊ ತೆಗೆದುಕೊಳ್ಳಿ. ಹಳೆಯ ದೋಣಿಗಳಲ್ಲಿ ಹಿಂದಿನ ಮಾಲೀಕರು ನೇರ ಬ್ಯಾಟರಿಗೇ ಸಿಕ್ಕಿಸಿದ ತಂತಿಗಳು ಇರುತ್ತವೆ. ಎಲ್ಲ ನೆಗೆಟಿವ್‌ಗಳೂ ಶಂಟಿನ ಹೊರೆಯ ಬದಿಗೇ ಬರಬೇಕು, ಒಂದು ತಪ್ಪಿಸಿಕೊಂಡರೂ ಮಾನಿಟರಿನ ಲೆಕ್ಕ ಕೆಡುತ್ತದೆ. ಒಂದು ತಿಂಗಳ ಓಡಾಟದ ನಂತರ ಬೋಲ್ಟುಗಳನ್ನು ಕಂಪನಿ ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿಯಿರಿ, ಎಂಜಿನ್ನಿನ ಅದುರಿಗೆ ಅವು ಸಡಿಲವಾಗುತ್ತವೆ. ಚಳಿಗಾಲಕ್ಕೆ ದೋಣಿ ಮೂಲೆ ಸೇರುವಾಗ ಸೀಸವನ್ನು ಪೂರ್ತಿ ತುಂಬಿಸಿಡಿ, ಲಿಥಿಯಂ ಅನ್ನು ಅರ್ಧಕ್ಕಿಳಿಸಿ ಬಿಡಿಸಿಡಿ.

ಹಾಗಾದರೆ ಯಾವುದನ್ನು ಆರಿಸಬೇಕು? ವರ್ಷಕ್ಕೆ ಕೆಲವೇ ರಾತ್ರಿ ಲಂಗರು ಹಾಕಿ ಉಳಿದ ದಿನ ಮರೀನಾದಲ್ಲೇ ಇರುವವರಿಗೆ ಎಂಟು ಗಾಲ್ಫ್ ಕಾರ್ಟ್ ಬ್ಯಾಟರಿ, ಒಳ್ಳೆಯ ಚಾರ್ಜರ್ ಸಾಕು. ಮರೀನಾ ರಾತ್ರಿಗಳಲ್ಲಿ ಅವು ಪೂರ್ತಿ ತುಂಬುತ್ತವೆ. ತಿಂಗಳುಗಟ್ಟಲೆ ಲಂಗರಿನಲ್ಲೇ ಬದುಕುವವರು 400 ಎಎಚ್ ಲಿಥಿಯಂ ಹಾಕಿಸಲಿ, ಆದರೆ ಬ್ಯಾಟರಿಗೆ ಕೊಟ್ಟಷ್ಟೇ ದುಡ್ಡನ್ನು ಚಾರ್ಜರ್, ಫ್ಯೂಸ್, ಕೇಬಲ್ಲುಗಳಿಗೂ ಎತ್ತಿಡಲಿ. ಅಷ್ಟು ಎತ್ತಿಡಲಾಗದಿದ್ದರೆ ಈ ವರ್ಷ ಚಾರ್ಜಿಂಗ್ ಸರಿಮಾಡಿಕೊಂಡು ಬ್ಯಾಟರಿಯನ್ನು ಮುಂದಿನ ವರ್ಷಕ್ಕೆ ಬಿಡುವುದು ಮೇಲು. ಯಾವುದನ್ನೇ ಮಾಡಿಸಿ, ಆರ್ಡರ್ ಕೊಡುವ ಮುಂಚೆ ನಿಮ್ಮ ವಿಮಾ ಕಂಪನಿಗೆ ವೈರಿಂಗ್ ನಕ್ಷೆ ಸಮೇತ ಪತ್ರ ಬರೆದು, ಒಪ್ಪಿಗೆಯನ್ನು ಬರಹದಲ್ಲೇ ಪಡೆದುಕೊಳ್ಳಿ.